ಮೂವತ್ತೊಂದನೆಯ ಪುಟದ ಗಂಜಿ

ಮಗಳ ಶಾಲೆಯಲ್ಲಿ ಟೀಚರು ಒಂದು ದಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ, "ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?" ಅಂತ ಕೇಳಿದರಂತೆ. ಎರಡನೇ ಕ್ಲಾಸಿನ ಆ ಹುಡುಗಿ ಒಂದಿಷ್ಟೂ ಅಳುಕದೆ ಎದ್ದು ನಿಂತು, "ನಮ್ಮಮ್ಮ ಹಂದಿಮರಿಗಳ ಕಕ್ಕಕ್ಕೆ ಮಾರ್ಕ್ಸ್ ಕೊಡ್ತಾಳೆ" ಅಂದಳಂತೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಂಜೆ ಬ್ಯಾಗಿನಲ್ಲಿ ಬಂದ ಡೈರಿಯಲ್ಲಿ ಟೀಚರು ಕೆಂಪು ಶಾಯಿಯಲ್ಲಿ, "ಪೋಷಕರು ಬಂದು ಕಾಣುವುದು" ಎಂದು ಬರೆದಿದ್ದರು.

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಅಮ್ಮ ಪಶುವೈದ್ಯೆ. ಊರಾಚೆಯ ಸಂಶೋಧನಾ ಫಾರ್ಮಿನಲ್ಲಿ ಎಲ್ಲರೂ ಅವಳನ್ನು ಡಾಕ್ಟ್ರಮ್ಮ ಅನ್ನುತ್ತಿದ್ದರು. ತಾಯಿಯ ಹಾಲು ಬಿಡಿಸಿದ ಹಂದಿಮರಿಗಳಿಗೆ ಫೀಡಿನಲ್ಲಿ ಯಾವ ಪುಡಿ ಬೆರೆಸಿದರೆ ಹೊಟ್ಟೆ ಕೆಡುವುದಿಲ್ಲ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ದಿನಾ ಬೆಳಿಗ್ಗೆ ಏಳಕ್ಕೆ, ಸಂಜೆ ನಾಲ್ಕಕ್ಕೆ, ಗಂಬೂಟು ಹಾಕಿಕೊಂಡು ಮರಿಮನೆಯ ಕಂಬಿ ಕಟ್ಟಿದ ಇಪ್ಪತ್ನಾಲ್ಕು ಅಂಕಣಗಳನ್ನೂ ಸುತ್ತಬೇಕು. ಗಟ್ಟಿಯಿದ್ದರೆ ಸೊನ್ನೆ, ಮೆತ್ತಗಿದ್ದರೆ ಒಂದು, ತೆಳ್ಳಗಿದ್ದರೆ ಎರಡು, ನೀರೇ ಆಗಿದ್ದರೆ ಮೂರು. ಮಾರ್ಕ್ಸು ಜಾಸ್ತಿ ಬಂದಷ್ಟೂ ಮರಿ ಫೇಲು. ಇಷ್ಟನ್ನು ವಿವರಿಸಿದ ಮೇಲೆ ಟೀಚರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, "ಇನ್ಮೇಲೆ ಡಾಕ್ಟರು ಅಂತಷ್ಟೇ ಹೇಳೋಕೆ ಹೇಳಿ" ಅಂದರು. ಮನೆಯಲ್ಲಿ ಅತ್ತೆ ಇದಕ್ಕೂ ಮುಂಚೆಯೇ ಕಾನೂನು ಮಾಡಿಬಿಟ್ಟಿದ್ದರು: ತಟ್ಟೆ ಮುಂದೆ ಕೂತಾಗ ಹೊಟ್ಟೆಯ ಸುದ್ದಿ ಎತ್ತಬಾರದು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಗಂಡ ಮಾತ್ರ ಪಾತ್ರೆ ತೊಳೆಯುವಾಗ ಮೆಲ್ಲಗೆ, "ಇವತ್ತು ಎಷ್ಟು ಜನ ಪಾಸು?" ಅಂತ ಕೇಳುತ್ತಿದ್ದ.

ಪಾಸಾಗದೆ ಇದ್ದದ್ದು ಅವಳೇ. ಮೂರು ವರ್ಷದಲ್ಲಿ ಮೂರು ಪುಡಿ ಪರೀಕ್ಷೆ ಮಾಡಿದ್ದಳು. ಹಿಂದೆಲ್ಲ ರೋಗ ಬರುವ ಮೊದಲೇ ಮರಿಗಳ ಫೀಡಿಗೆ ಔಷಧಿ ಬೆರೆಸಿಬಿಡುತ್ತಿದ್ದರು. ಹಾಗೆ ಮಾಡಕೂಡದು ಎಂಬ ನಿಯಮ ಬಂದ ಮೇಲೆ, ಅದರ ಜಾಗಕ್ಕೆ ಏನು ಹಾಕುವುದು ಎಂದು ಎಲ್ಲ ಕಂಪನಿಗಳೂ ಪುಡಿ ಹಿಡಿದು ಓಡಾಡತೊಡಗಿದ್ದವು. ಒಬ್ಬರದು ಹುಳಿಯ ಪುಡಿ, ಇನ್ನೊಬ್ಬರದು ಎಲೆಗಳ ಎಣ್ಣೆ, ಮತ್ತೊಬ್ಬರದು ಕರುಳಿಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳು. ಮೊದಲ ಪುಡಿ ಹಾಕಿದ ಮರಿಗೂ ಹಾಕದ ಮರಿಗೂ ವ್ಯತ್ಯಾಸ ಕಾಣಲಿಲ್ಲ. ಎರಡನೆಯದರಲ್ಲೂ ಕಾಣಲಿಲ್ಲ. ಈಗ ಮೂರನೆಯದು.

ಪರೀಕ್ಷೆಯಲ್ಲಿ ಕಣ್ಣಿಗೆ ಮೋಸವಾಗಬಾರದೆಂದು ಚೀಲಗಳಿಗೆ ಹೆಸರಿರಲಿಲ್ಲ. ಹನ್ನೆರಡು ಅಂಕಣಗಳಿಗೆ ಹಸಿರು ದಾರದ ಚೀಲ, ಹನ್ನೆರಡಕ್ಕೆ ಹಳದಿ ದಾರದ ಚೀಲ. ಯಾವುದರಲ್ಲಿ ಪುಡಿ ಇದೆ ಎಂಬ ಚೀಟಿ ವಿಭಾಗದ ಮುಖ್ಯಸ್ಥರ ಕಪಾಟಿನಲ್ಲಿ, ಅಂಟಿಸಿದ ಲಕೋಟೆಯಲ್ಲಿತ್ತು. ಏನು ಹೇಳಿದರೂ "ಆಯ್ತಾಯ್ತು" ಅನ್ನುವ ಈ ಮುಖ್ಯಸ್ಥರಿಗೆ ಫಾರ್ಮಿನವರು ಆಯ್ತಾಯ್ತು ಸಾರ್ ಎಂದೇ ಹೆಸರಿಟ್ಟಿದ್ದರು. ಆರು ವಾರ ಮುಗಿದ ದಿನ ಮರಿಗಳನ್ನೆಲ್ಲ ತೂಕಕ್ಕೆ ಹಾಕಿ, ಲಕೋಟೆ ಹರಿದು ನೋಡಿದರೆ, ಪುಡಿ ತಿಂದವು ಸರಾಸರಿ ಇಪ್ಪತ್ತೆರಡು ಕಿಲೋ ಮುನ್ನೂರು ಗ್ರಾಂ. ತಿನ್ನದವು ಇಪ್ಪತ್ತೆರಡು ಕಿಲೋ ಇನ್ನೂರೈವತ್ತು.

"ಐವತ್ತು ಗ್ರಾಂ!" ಅಂದರು ಆಯ್ತಾಯ್ತು ಸಾರ್. "ಐವತ್ತು ಗ್ರಾಮಿಗೆ ಕಂಪನಿಯವರು ನಮ್ಮನ್ನ ಯಾಕಮ್ಮ ಸಾಕ್ಬೇಕು?"

"ವ್ಯತ್ಯಾಸ ಇಲ್ಲ ಅನ್ನೋದೂ ಒಂದು ಉತ್ತರಾನೇ ಸರ್."

"ಆಯ್ತಾಯ್ತು. ಮೂರು ವರ್ಷದಿಂದ ಅದೊಂದೇ ಉತ್ತರ ಬರ್ತಿದೆ."

ಅವಳಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಲೆಕ್ಕದ ಹಾಳೆಯಲ್ಲೇ ಏನೋ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗಿತ್ತು. ಪುಡಿ ಇಲ್ಲದ ಹಳದಿ ದಾರದ ಅಂಕಣಗಳಲ್ಲಿ ಮೊದಲ ವಾರ ಮರಿಗಳು ಫೀಡು ತಿಂದದ್ದು ಕಡಿಮೆ. ತೊಟ್ಟಿಯಲ್ಲಿ ಉಳಿದದ್ದನ್ನು ದಿನಾ ತೂಗಿ ಬರೆದಿದ್ದಳು. ಆದರೆ ಬೆಳೆದದ್ದು ಮಾತ್ರ ಸಮಸಮ. ತಿನ್ನದೆ ಬೆಳೆಯಲು ಅವೇನು ಗಾಳಿ ಕುಡಿದು ಬದುಕುತ್ತಿದ್ದವೇ? ತಕ್ಕಡಿ ಕೆಟ್ಟಿರಬಹುದೆಂದು ತಕ್ಕಡಿ ಪರೀಕ್ಷಿಸಿದಳು, ಸರಿಯಿತ್ತು. ಬೆರೆಸುವಲ್ಲಿ ತಪ್ಪಾಗಿರಬಹುದೆಂದು ಫೀಡು ಬೆರೆಸುವ ಯಂತ್ರದವನನ್ನು ಕೇಳಿದಳು. ಅವನು, "ಹದಿನೆಂಟು ವರ್ಷದಿಂದ ಬೆರೆಸ್ತಿದೀನಿ, ನನಗೇ ಪಾಠ ಹೇಳ್ತೀರಾ?" ಎಂದು ಕೈಗವಸು ಕಿತ್ತು ನೆಲಕ್ಕೆಸೆದು ಚಹಾ ಕುಡಿಯಲು ಹೋದ. ಚೀಲದ ಮಾದರಿ ಲ್ಯಾಬಿಗೆ ಕಳಿಸಿದಳು, ಬೆರೆಕೆಯೂ ಸರಿಯಿತ್ತು. ನೀರಿನ ಪೈಪು ಬಿಚ್ಚಿ ನೋಡಿದಳು. ಮರಿಮನೆಯ ಶಾಖದ ದೀಪಗಳನ್ನು ಎಣಿಸಿದಳು. ಹದಿನೈದು ದಿನ ಹೀಗೇ ಹೋಯಿತು. ಮನೆಯಲ್ಲಿ ಅತ್ತೆ ಏನು ಕೇಳಿದರೂ ಸಿಡಿಮಿಡಿ.

"ಏನೇ ಇದು, ಮುಟ್ಟಿದರೆ ಮುನಿ ಆಗಿದ್ದೀಯಲ್ಲ" ಅಂದರು ಅತ್ತೆ.

"ಏನಿಲ್ಲ ಅತ್ತೆ. ಹೊಟ್ಟೆಯ ಸುದ್ದಿ. ಬೇಡ ಅಂದಿದೀರಲ್ಲ."

ಅಷ್ಟರಲ್ಲಿ ಮರಿಮನೆಗೆ ಮರಿಗಳ ಮುಂದಿನ ತಂಡ ಬಂದಿತ್ತು. ಪರೀಕ್ಷೆಗಲ್ಲ, ಮಾಮೂಲಿ ಸಾಕಣೆಗೆ. ಒಂದು ದಿನ ಆಫೀಸಿನಲ್ಲಿ ಕರೆಂಟು ಹೋಗಿ ಕಂಪ್ಯೂಟರು ಆರಿತು. ಬೇಸರಕ್ಕೆ ಡಾಕ್ಟ್ರಮ್ಮ ನಡು ಮಧ್ಯಾಹ್ನ ಮರಿಮನೆಯ ಕಡೆ ನಡೆದಳು. ಆ ಹೊತ್ತಿಗೆ ಅವಳು ಅಲ್ಲಿಗೆ ಹೋದದ್ದೇ ಇಲ್ಲ. ಹಿಂಬದಿಯ ತೊಳೆಯುವ ಕಟ್ಟೆಯ ಮೇಲೆ ಹತ್ತು ಹನ್ನೆರಡು ಅಗಲ ತಟ್ಟೆಗಳು ಬೋರಲು ಬಿದ್ದು ನೀರು ಸೋರಿಸುತ್ತಿದ್ದವು. ಫಾರ್ಮಿನ ಸಾಮಾನಿನ ಪಟ್ಟಿಯಲ್ಲಿ ಅಂಥ ತಟ್ಟೆಗಳಿರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದಳು.

ಒಂಬತ್ತನೇ ಅಂಕಣದ ಒಳಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಸೀರೆ ಮೊಳಕಾಲಿಗೆತ್ತಿ ಸಿಕ್ಕಿಸಿಕೊಂಡು ಬಾಣಂತನದಕ್ಕ ಕೂತಿದ್ದಳು. ಇಪ್ಪತ್ತೆರಡು ವರ್ಷದಿಂದ ಹೆರಿಗೆ ಕೋಣೆಯನ್ನೂ ಮರಿಮನೆಯನ್ನೂ ನೋಡಿಕೊಳ್ಳುತ್ತಿದ್ದವಳು ಆಕೆ. ನೂರಾರು ಹಂದಿಗಳ ಬಾಣಂತನ ಮಾಡಿದ್ದಕ್ಕೆ ಆ ಹೆಸರು. ಅವಳ ಮುಂದೆ ಅಗಲ ತಟ್ಟೆ. ತಟ್ಟೆಯಲ್ಲಿ ಹಬೆಯಾಡುವ ಬೂದು ಬಣ್ಣದ ಗಂಜಿ. ಐದು ಮರಿಗಳು ಮೂತಿ ಅದ್ದಿ ಚಪ್ಪರಿಸುತ್ತಿದ್ದವು. ಆರನೆಯದನ್ನು ಅವಳು ತೊಡೆಯ ಮೇಲೆ ಹಾಕಿಕೊಂಡು, ಬೆರಳನ್ನು ಗಂಜಿಯಲ್ಲಿ ಅದ್ದಿ ಬಾಯಿಗೆ ಒರೆಸುತ್ತಿದ್ದಳು.

"ಇದೇನಕ್ಕಾ ಇದು?"

"ಗಂಜಿ" ಅಂದಳು ಅಕ್ಕ, ತಿರುಗಿಯೂ ನೋಡದೆ. "ಬನ್ನಿ ಡಾಕ್ಟ್ರಮ್ಮ. ಬಾಗಿಲು ಹಾಕ್ಕೊಳ್ಳಿ, ಗಾಳಿ ಬರುತ್ತೆ."

"ಯಾವ ಗಂಜಿ? ಯಾರು ಹೇಳಿದ್ದು?"

"ಇದೇ ಫೀಡು. ಕುಟ್ಟಿ ಪುಡಿ ಮಾಡಿ ಬಿಸಿನೀರಿಗೆ ಕಲಸಿದ್ದು. ತಬ್ಬಲಿ ಮರಿಗಳಿಗೆ ಅಂತ ಇಟ್ಟಿರೋ ಹಾಲಿನ ಪುಡಿ ಒಂದು ಹಿಡಿ. ಯಾರು ಹೇಳ್ಬೇಕು ಇದನ್ನ? ನಿನ್ನೆವರೆಗೆ ಮೊಲೆ ಕುಡೀತಿದ್ದ ಕೂಸಿಗೆ ಇವತ್ತು ಒಣ ಕಾಳು ಹಾಕಿದ್ರೆ ಅದಕ್ಕೇನು ಗೊತ್ತಾಗುತ್ತೆ ತಿನ್ನೋಕೆ? ಮೂರು ದಿನ ಹಸ್ಕೊಂಡಿರುತ್ತೆ. ನಾಲ್ಕನೇ ದಿನ ಗಬಗಬ ಮುಕ್ಕುತ್ತೆ. ಐದನೇ ದಿನ ಹಿಂದಿನಿಂದ ನೀರು."

ಡಾಕ್ಟ್ರಮ್ಮ ಅಂಕಣದ ಕಂಬಿ ಹಿಡಿದುಕೊಂಡಳು. "ಅಕ್ಕಾ, ಹಸಿರು ದಾರ ಹಳದಿ ದಾರ ಇದ್ದಾಗಲೂ ಹೀಗೇ ಮಾಡಿದ್ರಾ?"

"ದಾರ ಯಾರು ನೋಡ್ತಾರೆ? ನಾನು ಹೊಟ್ಟೆ ನೋಡ್ತೀನಿ. ಹೊಟ್ಟೆ ಬೆನ್ನಿಗೆ ಹತ್ತಿರೋ ಮರಿ ಎಲ್ಲಿ ಕಂಡ್ರೆ ಅಲ್ಲಿ ತಟ್ಟೆ ಇಡ್ತೀನಿ. ದಿನಕ್ಕೆ ಮೂರು ಸಲ, ಹತ್ತು ದಿನ."

ಪುಡಿ ಇಲ್ಲದ ಕಡೆ ಸೊರಗಿದ ಮರಿಗಳು ಜಾಸ್ತಿ. ಹಾಗಾಗಿ ಅಲ್ಲಿಗೇ ಗಂಜಿಯೂ ಜಾಸ್ತಿ ಹೋಗಿದೆ. ಪುಡಿ ಮಾಡಿದ ಕೆಲಸವನ್ನು ಆ ಕಡೆ ಅಕ್ಕನ ಬೆರಳು ಮಾಡಿದೆ. ಎರಡೂ ಸಮಸಮ. ಮೂರು ವರ್ಷ, ಮೂರು ಪುಡಿ, ಐನೂರಕ್ಕೂ ಹೆಚ್ಚು ಮರಿ, ಸಾವಿರಾರು ಮಾರ್ಕ್ಸು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

"ನನಗೆ ಯಾಕೆ ಹೇಳ್ಲಿಲ್ಲ?" ಅವಳ ದನಿ ಏರಿತು. ಮರಿಗಳು ಬೆದರಿ ಮೂಲೆಗೆ ಓಡಿದವು.

"ನೀವು ಯಾವಾಗ ಕೇಳಿದ್ರಿ? ಬೆಳಿಗ್ಗೆ ಬರ್ತೀರಿ, ಬಗ್ಗಿ ನೆಲ ನೋಡ್ತೀರಿ, ಬರ್ಕೊಂಡು ಹೋಗ್ತೀರಿ. ನಿಮ್ಮ ಕಾಗದದಲ್ಲಿ ಗಂಜಿಗೆ ಜಾಗ ಎಲ್ಲಿತ್ತು?"

"ನೀವು ನನ್ನ ಕೆಲಸಾನೇ ಹಾಳು ಮಾಡಿದ್ರಿ ಅಕ್ಕಾ! ಗೊತ್ತಾಗ್ತಿದೆಯಾ?"

ಅಕ್ಕ ತೊಡೆಯ ಮೇಲಿನ ಮರಿಯನ್ನು ಕೆಳಗಿಳಿಸಿ ನಿಧಾನಕ್ಕೆ ಎದ್ದಳು. "ನನಗೆ ಮರಿ ಸಾಕೋ ಕೆಲಸ ಕೊಟ್ಟಿದಾರೆ. ಸಾಯೋಕೆ ಬಿಡಬೇಕಿತ್ತು ಅಂದಿದ್ರೆ ಮೊದಲೇ ಹೇಳಬೇಕಿತ್ತು ನೀವು. ಅದಕ್ಕೆ ಬೇರೆಯವರನ್ನ ಹುಡುಕ್ಕೊಳ್ಬಹುದಿತ್ತು." ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಅಂದಿನಿಂದ ಅವಳು ಡಾಕ್ಟ್ರಮ್ಮನ ಜೊತೆ ಮಾತು ಬಿಟ್ಟಳು.

ಬೇರೆಯವರನ್ನೇ ಹುಡುಕಿದರು. ಮೂರನೇ ಪುಡಿಯ ಕಂಪನಿಯವರು ಇನ್ನೊಂದು ಸಲ ಪರೀಕ್ಷೆಗೆ ಒಪ್ಪಿದರು. ಅಕ್ಕನಿಗೆ ಹೆರಿಗೆ ಕೋಣೆ ಮಾತ್ರ ಎಂದು ಆಯ್ತಾಯ್ತು ಸಾರ್ ಆದೇಶ ಬರೆದರು. ಮರಿಮನೆಗೆ ಬಂದವನು, ಕಾಗದದಲ್ಲಿ ಏನಿದೆಯೋ ಅಷ್ಟನ್ನೇ, ನಿಮಿಷ ತಪ್ಪದೆ ಮಾಡುವವನು. ಅವನ ಅಡ್ಡಹೆಸರು ಗಡಿಯಾರ. ಎಂಟಕ್ಕೆ ಫೀಡು, ಒಂಬತ್ತಕ್ಕೆ ಕಸ, ಹತ್ತಕ್ಕೆ ನೀರಿನ ನಲ್ಲಿಗಳ ತಪಾಸಣೆ. ಮರಿಯ ಮುಖ ನೋಡುವ ಹೊತ್ತು ಕಾಗದದಲ್ಲಿ ಇರಲಿಲ್ಲ, ಆದ್ದರಿಂದ ಅವನು ನೋಡುತ್ತಲೂ ಇರಲಿಲ್ಲ. ಪರೀಕ್ಷೆಗೆ ಇಂಥವನೇ ಬೇಕಿತ್ತು. ಡಾಕ್ಟ್ರಮ್ಮನಿಗೆ ಅವನನ್ನು ಕಂಡರೆ ಯಾಕೋ ಮೈ ಉರಿಯುತ್ತಿತ್ತು.

ಐದನೇ ದಿನ ಅಕ್ಕ ಹೇಳಿದ ಹಾಗೇ ಶುರುವಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹುಳಿ ವಾಸನೆ. ಒಂದು ದಾರದ ಅಂಕಣಗಳಲ್ಲಿ ಒಂದು, ಎರಡು, ಒಂದು. ಇನ್ನೊಂದು ದಾರದವುಗಳಲ್ಲಿ ಮೂರು, ಮೂರು, ಎರಡು, ಮೂರು. ಪೆನ್ನು ಓಡುತ್ತಲೇ ಇತ್ತು. ತೀರಾ ಕೆಟ್ಟ ಮರಿಯನ್ನು ಹೊರಗೆ ತೆಗೆದು ಚಿಕಿತ್ಸೆ ಕೊಡಬಹುದು ಎಂಬ ನಿಯಮವಿತ್ತು. ಆದರೆ ತೀರಾ ಕೆಟ್ಟದ್ದು ಎಂದರೆ ಎಷ್ಟು ಎಂಬುದಕ್ಕೂ ನಿಯಮವಿತ್ತು: ಜ್ವರ ಇಷ್ಟು, ಕಣ್ಣು ಇಷ್ಟು ಒಳಗೆ ಹೋಗಿರಬೇಕು, ಮೈಯ ನೀರು ಬತ್ತಿ, ಎಳೆದು ಬಿಟ್ಟ ಚರ್ಮ ಇಷ್ಟು ಹೊತ್ತು ಮಡಿಕೆಯಾಗೇ ನಿಲ್ಲಬೇಕು. ಆ ನಿಯಮ ಬರೆದವಳೂ ಅವಳೇ.

ಏಳನೇ ದಿನ ಸಂಜೆ ಹದಿನಾಲ್ಕನೇ ಅಂಕಣದಲ್ಲಿ, ಕಿವಿಯಲ್ಲಿ ೪೧೭ ಎಂಬ ಓಲೆಯಿದ್ದ ಮರಿ ಉಳಿದವುಗಳಿಂದ ದೂರ, ಗೋಡೆಗೆ ಮೂತಿ ಒತ್ತಿ ನಿಂತಿತ್ತು. ಜ್ವರ ನೋಡಿದಳು: ನಿಯಮಕ್ಕಿಂತ ಸ್ವಲ್ಪ ಕಡಿಮೆ. ಚರ್ಮ ಎಳೆದು ಬಿಟ್ಟಳು: ನಿಂತಿತು, ಆದರೆ ನಿಯಮದಷ್ಟು ಹೊತ್ತಲ್ಲ. ಇನ್ನೊಂದು ಸಲ ಎಳೆದಳು. ಅಷ್ಟೇ ಹೊತ್ತು. ಮಗ್ಗುಲಿನ ಕೋಣೆಯಲ್ಲಿ ಬಿಸಿನೀರಿತ್ತು, ಫೀಡಿತ್ತು, ಕಪಾಟಿನಲ್ಲಿ ಹಾಲಿನ ಪುಡಿಯೂ ಇತ್ತು. ಐದು ನಿಮಿಷದ ಕೆಲಸ. ಅವಳು ಅಂಕಣದೊಳಗೆ ಕೈ ಚಾಚಿ ಮರಿಯ ಬೆನ್ನು ಸವರಿದಳು. ಮೂಳೆ ಮೂಳೆ ಕೈಗೆ ಹತ್ತುತ್ತಿತ್ತು. ಗಡಿಯಾರ ಬಂದು, "ಮೇಡಂ, ನಾಲ್ಕೂವರೆ ಆಯ್ತು. ಬೀಗ ಹಾಕ್ಬೇಕು" ಅಂದ. ಅವಳು ಕಾಗದದಲ್ಲಿ ಮೂರು ಎಂದು ಬರೆದು ಹೊರಬಂದಳು.

ಬೆಳಿಗ್ಗೆ ಬಂದಾಗ ಮರಿ ಸತ್ತಿತ್ತು.

ಅಂದು ಮನೆಯಲ್ಲಿ ತಟ್ಟೆ ಮುಂದೆ ಕೂತವಳು ತುತ್ತು ಕಲಸುತ್ತಲೇ ಇದ್ದಳು. ಅತ್ತೆ ನೋಡಿ ನೋಡಿ ಸಾಕಾಗಿ, "ಹೋಗಲಿ, ಹೊಟ್ಟೆಯ ಸುದ್ದೀನೇ ಇರಲಿ, ಹೇಳಿಬಿಡು ಮಾರಾಯ್ತಿ" ಅಂದರು. ಹೇಳಿದಳು. ಎಲ್ಲ ಕೇಳಿ ಅತ್ತೆ, "ಅಲ್ಲ, ನಿಯಮ ಬರೆದವಳು ನೀನೇ ಆದ್ರೆ, ಅಳಿಸೋಕೆ ನಿನಗೇನು ದಾಡಿ?" ಅಂದರು.

"ನಡುವೆ ಅಳಿಸಿದ್ರೆ ಅದು ನಿಯಮಾನೇ ಅಲ್ಲ ಅತ್ತೆ."

"ನಿನ್ನ ಓದು ನಿನಗೇ ಚೆಂದ" ಎಂದು ಅತ್ತೆ ಎದ್ದು ಹೋದರು. ಗಂಡ ಆ ದಿನ ಎಷ್ಟು ಜನ ಪಾಸು ಎಂದು ಕೇಳಲಿಲ್ಲ.

ಫಲಿತಾಂಶ ಭರ್ಜರಿಯಾಗಿ ಬಂತು. ಪುಡಿ ತಿಂದ ತೊಂಬತ್ತಾರು ಮರಿಗಳಲ್ಲಿ ಸತ್ತದ್ದು ಒಂದು. ತಿನ್ನದವುಗಳಲ್ಲಿ ಏಳು. ತೂಕದಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋ ವ್ಯತ್ಯಾಸ. ಆಯ್ತಾಯ್ತು ಸಾರ್ ಕುರ್ಚಿಯಿಂದ ಎದ್ದು ನಿಂತು ಕೈ ಕುಲುಕಿದರು. ಕಂಪನಿಯಿಂದ ಬಂದ ಮನುಷ್ಯ ಹೆಸರು ಕೊರೆದ ಪೆನ್ನು ಕೊಟ್ಟು, "ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ನಾವು ಎಲ್ಲೂ ನೋಡಿಲ್ಲ ಮೇಡಂ" ಎಂದ. ಅವನು ಹೇಳಿದ್ದೂ ಸುಳ್ಳಲ್ಲ. ಪುಡಿ ಕೆಲಸ ಮಾಡಿತ್ತು. ಅವಳನ್ನು ಕಾಡಿದ್ದೂ ಅದೇ. ಯಾರೂ ಮರಿಯ ಮುಖ ನೋಡದ ಮನೆಯಲ್ಲಿ ಪುಡಿ ಕೆಲಸ ಮಾಡುತ್ತದೆ. ನೋಡುವವರಿದ್ದ ಮನೆಯಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡೂ ನಿಜ. ಆದರೆ ಒಂದಕ್ಕೆ ಮಾತ್ರ ಪೆನ್ನು ಸಿಕ್ಕಿತ್ತು.

ವರದಿಯಲ್ಲಿ ಅವಳು ಹಳೆಯ ಪರೀಕ್ಷೆಯ ಬಗ್ಗೆಯೂ ಒಂದು ಪುಟ ಬರೆದಳು. ಗಂಜಿ ಕೊಟ್ಟದ್ದು, ಯಾರು ಕೊಟ್ಟದ್ದು, ಸಾವು ಎರಡೂ ಕಡೆ ಇಲ್ಲವೆನ್ನುವಷ್ಟು ಕಡಿಮೆಯಿದ್ದದ್ದು. ಆಯ್ತಾಯ್ತು ಸಾರ್ ಆ ಪುಟಕ್ಕೆ ಅಡ್ಡಗೀಟು ಹಾಕಿ ಕಳಿಸಿದರು. ಅವಳು ಮತ್ತೆ ಸೇರಿಸಿದಳು. ಅವರು ಮತ್ತೆ ಗೀಟು ಹಾಕಿದರು. ಮೂರನೇ ಸಲ ಕರೆಸಿದರು.

"ಕೆಟ್ಟುಹೋದ ಪರೀಕ್ಷೆ ಕತೆ ಇದರಲ್ಲಿ ಯಾಕಮ್ಮ?"

"ಅದು ಕೆಟ್ಟಿಲ್ಲ ಸರ್. ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದೆ."

"ಯಾರೂ ಕೇಳದೇ ಇರೋ ಪ್ರಶ್ನೆಗೆ."

"ಹಾಗಾದ್ರೆ ನಾವೇ ಕೇಳೋಣ. ಗಂಜಿಯದ್ದೇ ಒಂದು ಪರೀಕ್ಷೆ ಮಾಡೋಣ."

ಆಯ್ತಾಯ್ತು ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. "ಪುಡಿ ಮಾರೋರಿದಾರೆ, ಅವರು ಪರೀಕ್ಷೆ ಮಾಡಿಸ್ತಾರೆ. ಗಂಜಿ ಯಾರಮ್ಮ ಮಾರ್ತಾರೆ? ಬಿಸಿನೀರು, ಒಂದು ತಟ್ಟೆ, ಒಬ್ಬಳು ಹೆಂಗಸಿನ ಬೆರಳು. ಇದನ್ನ ಯಾವ ಚೀಲಕ್ಕೆ ತುಂಬಿ ಹೊಲೀತೀಯ?"

ಜಗ್ಗಾಡಿ ಜಗ್ಗಾಡಿ ಕೊನೆಗೆ ಒಂದು ಪುಟ ಮೂರು ಸಾಲಾಯಿತು. ಮೂರು ಸಾಲು ಮೂವತ್ತೊಂದನೆಯ ಪುಟದ ಅಡಿಗೆ, ಇರುವೆ ಗಾತ್ರದ ಅಕ್ಷರದಲ್ಲಿ ಇಳಿಯಿತು. ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ಅಂದುಕೊಂಡರು.

ವರದಿ ಅಚ್ಚಾಗಿ ಎರಡು ತಿಂಗಳಾಗಿರಬೇಕು. ಆಫೀಸಿನ ಫೋನಿಗೆ ಒಂದು ಕರೆ ಬಂತು. ಆ ಕಡೆ ಒಬ್ಬ ಹೆಂಗಸು. ಹಿನ್ನೆಲೆಯಲ್ಲಿ ಮರಿಗಳ ಕಿರುಚಾಟ. ಮಾತು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ.

"ನಾನು ನಮ್ಮಣ್ಣ ಸೇರಿ ನಲವತ್ತು ತಾಯಿಹಂದಿ ಸಾಕಿದೀವಿ ಮೇಡಂ. ನಿಮ್ಮ ವರದಿ ಓದಿದೆ. ಆ ಗಂಜಿ ಹೇಗೆ ಮಾಡೋದು?"

ಡಾಕ್ಟ್ರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಅದನ್ನ ಎಲ್ಲಿ ಓದಿದ್ರಿ ನೀವು?"

"ಮೂವತ್ತೊಂದನೇ ಪುಟದ ಕೆಳಗೆ. ಭೂತಗನ್ನಡಿ ಇಟ್ಕೊಂಡು ಓದಿದೆ. ಆ ಪುಡಿ ನಮ್ಮ ಕಡೆ ಸಿಗಲ್ಲ, ಅದಕ್ಕೆ ಉಳಿದಿದ್ದೆಲ್ಲ ಓದಿದೆ. ಒಂದು ಸೇರು ಫೀಡಿಗೆ ನೀರೆಷ್ಟು ಮೇಡಂ? ಹಾಲಿನ ಪುಡಿ ಎಷ್ಟು? ಎಷ್ಟು ಬಿಸಿ ಇರ್ಬೇಕು?"

ಇಪ್ಪತ್ತು ವರ್ಷ ಓದಿದ ಡಾಕ್ಟ್ರಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನು ಇಟ್ಟಳು.

ಗೊತ್ತಿದ್ದವಳು ಹೆರಿಗೆ ಕೋಣೆಯಲ್ಲಿದ್ದಳು. ಮಾತು ಬಿಟ್ಟವಳು. ಡಾಕ್ಟ್ರಮ್ಮ ಹೋಗಿ ಬಾಗಿಲಲ್ಲಿ ನಿಂತಾಗ ಅಕ್ಕ ಆಗತಾನೇ ಹುಟ್ಟಿದ ಮರಿಯೊಂದನ್ನು ಟವೆಲಿನಲ್ಲಿ ಒರೆಸುತ್ತಿದ್ದಳು. ಕಣ್ಣೆತ್ತಲಿಲ್ಲ.

"ಅಕ್ಕಾ, ತಪ್ಪಾಯ್ತು."

ಅಕ್ಕ ಮರಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲು ಒರೆಸಿದಳು.

"ಎಂಟು ಮರಿ ಸತ್ತವು."

"ಕೇಳ್ಪಟ್ಟೆ" ಅಂದಳು ಅಕ್ಕ. ಆರು ತಿಂಗಳಲ್ಲಿ ಅದು ಅವಳಾಡಿದ ಮೊದಲ ಮಾತು. ಮರಿಯನ್ನು ತಾಯಿಯ ಮೊಲೆಗೆ ಹಚ್ಚಿ ಎದ್ದು, "ಈಗೇನು ಬೇಕಾಗಿತ್ತು?" ಎಂದಳು.

"ಗಂಜಿಯ ಅಳತೆ."

ಅಕ್ಕ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. "ಅಳತೆ! ಅದಕ್ಕೂ ಅಳತೆಯಾ!"

ಅಂದು ಮಧ್ಯಾಹ್ನ ಇಬ್ಬರೂ ಬಿಸಿನೀರಿನ ಕೋಣೆಯಲ್ಲಿ ಕೂತರು. ಡಾಕ್ಟ್ರಮ್ಮ ಲ್ಯಾಬಿನ ತಕ್ಕಡಿ, ಅಳತೆಯ ಜಾಡಿ, ಉಷ್ಣಮಾಪಕ ಎಲ್ಲ ಹೊತ್ತು ತಂದಿದ್ದಳು. ಅಕ್ಕ ಒಂದು ಹಿಡಿ ಫೀಡು ಹಾಕಿದಳು. "ನಿಲ್ಲಿ, ತೂಗ್ತೀನಿ." ತೊಂಬತ್ತೆರಡು ಗ್ರಾಂ. "ಇನ್ನೊಂದು ಹಿಡಿ ಹಾಕಿ." ನೂರ ಮೂವತ್ತು.

"ಅಕ್ಕಾ, ಒಂದೇ ಥರ ಹಿಡೀರಿ."

"ಒಂದೇ ಥರಾನೇ ಹಿಡಿದೆ."

"ಮೂವತ್ತೆಂಟು ಗ್ರಾಂ ಜಾಸ್ತಿ ಬಂತು."

"ನಿಮ್ಮ ತಕ್ಕಡಿಗೆ ಕೈ ನಡುಗ್ತಿದೆ."

ನೀರೂ ಅಷ್ಟೇ. ಕೈಗೆ ಹಿತವಾದಷ್ಟು ಬಿಸಿ ಎಂದರೆ ಒಮ್ಮೆ ಮೂವತ್ತೆಂಟು ಡಿಗ್ರಿ, ಒಮ್ಮೆ ನಲವತ್ತಮೂರು. "ಕದಡಿದ್ರೆ ಬೆರಳಿಂದ ಜಾರಬೇಕು, ಆದ್ರೆ ಓಡಬಾರದು" ಎಂಬುದನ್ನು ಯಾವ ಜಾಡಿಯಲ್ಲಿ ಅಳೆಯುವುದು? ಆರನೇ ಸಲ ಕಲಸಿದಾಗ ಡಾಕ್ಟ್ರಮ್ಮ ಪೆನ್ನು ಮೇಜಿನ ಮೇಲೆ ಕುಕ್ಕಿದಳು. "ಆರು ಸಲ, ಆರು ಥರ! ಇದನ್ನ ನಾನು ಆ ಹೆಂಗಸಿಗೆ ಫೋನಲ್ಲಿ ಏನಂತ ಹೇಳಲಿ?"

"ಅಯ್ಯೋ, ಎಲ್ಲ ದಿನಕ್ಕೂ ಒಂದೇ ಗಂಜಿ ಅಂತ ಯಾರು ಹೇಳಿದ್ದು ನಿಮಗೆ?" ಅಂದಳು ಅಕ್ಕ. "ಮೊದಲ ದಿನ ತೆಳ್ಳಗೆ. ಎರಡನೇ ದಿನ ಹಾಗೇ. ಮೂರನೇ ದಿನದಿಂದ ಗಟ್ಟಿ ಮಾಡ್ತಾ ಹೋಗ್ಬೇಕು. ಹಾಲಿನ ಪುಡಿ ಕಡಿಮೆ ಮಾಡ್ತಾ ಹೋಗ್ಬೇಕು. ಏಳನೇ ದಿನಕ್ಕೆ ಹಾಲೇ ಇಲ್ಲ. ಹತ್ತನೇ ದಿನಕ್ಕೆ ಬರೀ ನೆನೆಸಿದ ಫೀಡು. ಆಮೇಲೆ ಒಣದು. ಚಿಕ್ಕ ಮರಿಗೆ ಇನ್ನೆರಡು ದಿನ ಜಾಸ್ತಿ. ತಟ್ಟೆಯಲ್ಲಿ ಮಿಕ್ಕಿದ್ದು ಅರ್ಧ ಗಂಟೆಗಿಂತ ಹೆಚ್ಚು ಇಡಬಾರದು, ಹುಳಿಯುತ್ತೆ. ತಟ್ಟೆ ಬಿಸಿಲಲ್ಲೇ ಒಣಗಿಸ್ಬೇಕು. ಇದನ್ನೆಲ್ಲ ಬರ್ಕೊಳ್ತಿದೀರಾ, ಇಲ್ಲಾ ನನ್ನ ಮುಖ ನೋಡ್ತಿದೀರಾ?"

ಅವಳು ಬರೆದುಕೊಂಡಳು. ನಾಲ್ಕು ಪುಟವಾಯಿತು. ಮರುದಿನ ಫೋನಿನಲ್ಲಿ ಓದಿ ಹೇಳಲು ಮುಕ್ಕಾಲು ಗಂಟೆ ಬೇಕಾಯಿತು; ಆ ಕಡೆಯವಳು ನಡುನಡುವೆ, "ನಿಲ್ಲಿ ಮೇಡಂ, ಪೆನ್ಸಿಲ್ ಮುರೀತು" ಎನ್ನುತ್ತಿದ್ದಳು. ಒಂದೂವರೆ ತಿಂಗಳಾದ ಮೇಲೆ ಅವಳೇ ಮತ್ತೆ ಫೋನು ಮಾಡಿದಳು. ಹೊಗಳಿಕೆ ಬರುತ್ತದೆಂದು ಡಾಕ್ಟ್ರಮ್ಮ ಕಾದಳು.

"ಮೇಡಂ, ಸಾವು ಕಡಿಮೆ ಆಯ್ತು, ಅದು ನಿಜ. ಆದ್ರೆ ನನ್ನ ಸೊಂಟ ಬಿದ್ದುಹೋಯ್ತು. ದಿನಕ್ಕೆ ಮೂರು ಸಲ ಕಲಸು, ಬಡಿಸು, ತೊಳಿ. ನಮ್ಮಣ್ಣ ತಟ್ಟೆ ಮುಟ್ಟಲ್ಲ. ಮೂರು ಸಲದ್ದು ಎರಡೇ ಸಲ ಕೊಟ್ರೆ ಸಾಕಾಗುತ್ತಾ? ಹತ್ತು ದಿನದ್ದು ಐದು ದಿನ ಮಾಡಿದ್ರೆ? ಯಾರಾದ್ರೂ ನೋಡಿದಾರಾ?"

ಯಾರೂ ನೋಡಿರಲಿಲ್ಲ. ಇದು ಹೊಟ್ಟೆ ಉರಿಯುವ ಮಾತು, ಆದರೆ ಒಳ್ಳೆಯ ಪ್ರಶ್ನೆ. ಅದನ್ನು ಕಾಗದದಲ್ಲಿ ಬರೆದು ಆಯ್ತಾಯ್ತು ಸಾರ್ ಮೇಜಿನ ಮೇಲಿಟ್ಟಳು. ಅದು ಅಲ್ಲೇ ಮೂರು ವಾರ ಇತ್ತು, ಅದರ ಮೇಲೆ ಅವರ ಚಹಾದ ಲೋಟದ ಉಂಗುರಗಳು ಬಿದ್ದವು. ಆಮೇಲೆ ಮುಂದಿನ ಕಂಪನಿಯ ಪುಡಿ ಬರುವುದು ತಡವಾಗಿ, ಮರಿಮನೆಯಲ್ಲಿ ಆರು ಅಂಕಣ ಖಾಲಿ ಬಿದ್ದವು. "ಖಾಲಿ ಬಿಡೋ ಬದಲು ಏನಾದ್ರೂ ಮಾಡ್ಕೊ" ಅಂದರು ಸಾರ್. "ಜನ ಕೇಳಬೇಡ, ಕೊಡೋಕೆ ಇಲ್ಲ."

ಜನ ಇದ್ದದ್ದು ಇಬ್ಬರೇ. ಅಕ್ಕ ತನ್ನ ಬಿಡುವಿನ ಹೊತ್ತಿನಲ್ಲಿ ಬರಲು ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಗಂಜಿ ಇಲ್ಲದ ಅಂಕಣ ಒಂದೂ ಇರಕೂಡದು."

"ಅಕ್ಕಾ! ಗಂಜಿ ಇಲ್ಲದ್ದು ಇಲ್ಲದೆ ಹೋದ್ರೆ ಹೋಲಿಸೋದು ಯಾವುದರ ಜೊತೆ?"

"ಅದು ನಿಮ್ಮ ಓದಿನ ತಲೆನೋವು. ನಾನು ಹಸಿದ ಮರಿ ನೋಡ್ಕೊಂಡು ನಿಲ್ಲೋಳಲ್ಲ."

ಒಂದು ವಾರ ವಾದ ನಡೆಯಿತು. ಕೊನೆಗೆ ಡಾಕ್ಟ್ರಮ್ಮ ದಾರಿ ಹುಡುಕಿದಳು: ಎಲ್ಲ ಅಂಕಣಕ್ಕೂ ಗಂಜಿ, ಆದರೆ ಮೂರಕ್ಕೆ ಹತ್ತು ದಿನ, ಮೂರಕ್ಕೆ ಐದೇ ದಿನ. ಐದು ದಿನ ಸಾಕೋ ಸಾಲದೋ, ಅದಾದರೂ ತಿಳಿಯಲಿ. ಅಕ್ಕ ಮುಖ ಗಂಟು ಹಾಕಿಕೊಂಡೇ ಒಪ್ಪಿದಳು.

ಆರನೇ ದಿನ ಬೆಳಿಗ್ಗೆ ಹತ್ತಕ್ಕೆ ಅಕ್ಕ ಮೂರು ತಟ್ಟೆ ತುಂಬಬೇಕಾಗಿತ್ತು. ನಾಲ್ಕು ತುಂಬಿದಳು. ಡಾಕ್ಟ್ರಮ್ಮ ಎಣಿಸಿದಳು.

"ನಾಲ್ಕನೇದು ಯಾರಿಗೆ?"

"ಐದನೇ ಅಂಕಣದಲ್ಲಿ ಎರಡು ಸಣ್ಣವಿದಾವೆ."

"ಅವುಗಳ ಐದು ದಿನ ನಿನ್ನೆಗೆ ಮುಗೀತು ಅಕ್ಕಾ."

"ಅವಕ್ಕೆ ಗೊತ್ತಿಲ್ಲವಲ್ಲ" ಅಂದಳು ಅಕ್ಕ.

ಐದನೇ ಅಂಕಣದ ಮರಿಗಳು ಕಂಬಿಗೆ ಮೂತಿ ತೂರಿಸಿ, ತಟ್ಟೆಯ ವಾಸನೆಗೆ ಕಿರುಚಾಡುತ್ತಿದ್ದವು. ಡಾಕ್ಟ್ರಮ್ಮ ಬಗ್ಗಿ ಆ ಎರಡು ಸಣ್ಣವುಗಳನ್ನು ಎತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಒಂದರದ್ದು ತುಂಬಿತ್ತು. ಇನ್ನೊಂದರದ್ದು ತುಂಬಿತ್ತೋ ಇಲ್ಲವೋ ಹೇಳುವುದು ಕಷ್ಟ.

"ಇದು ಚೆನ್ನಾಗಿದೆ ಅಕ್ಕಾ. ಒಣ ಫೀಡು ತಿಂದಿದೆ, ಮೂತಿ ನೋಡಿ."

"ಇನ್ನೊಂದು?"

"ಇನ್ನೊಂದು... ಸಂಜೆ ನೋಡೋಣ."

"ಸಂಜೆ ಯಾಕೆ? ಈಗಲೇ ನೋಡಿ ಹೇಳಿ."

"ಈಗ ಕೊಟ್ರೆ ಇಡೀ ಅಂಕಣ ಲೆಕ್ಕದಿಂದ ಹೋಗುತ್ತೆ! ಇರೋದೇ ಮೂರು!"

"ಹಾಗಾದ್ರೆ ಆ ಒಂದನ್ನ ಈಚೆ ತಗೊಳ್ಳಿ. ಅದರ ಹೆಸರು ಕಾಗದದಿಂದ ಹೊಡೆದುಹಾಕಿ. ನನ್ನ ಹತ್ತಿರ ಇರಲಿ."

"ಅದಕ್ಕೆ ನಿಯಮ ಇದೆ ಅಕ್ಕಾ, ಸುಮ್ಮನೆ ತೆಗೆಯೋ ಹಾಗಿಲ್ಲ..."

"ಯಾರು ಬರೆದಿದ್ದು ನಿಯಮ?"

ಡಾಕ್ಟ್ರಮ್ಮನ ಕೈಯಲ್ಲೇ ಉಳಿದಿದ್ದ ಆ ಇನ್ನೊಂದು ಮರಿ ತೋಳಿನುದ್ದಕ್ಕೂ ಬೆಚ್ಚಗೆ ಉಚ್ಚೆ ಹೊಯ್ದು, ಬಿಡಿಸಿಕೊಳ್ಳಲು ಒದೆಯುತ್ತಿತ್ತು. ನಾಲ್ಕನೇ ತಟ್ಟೆಯ ಗಂಜಿ ಆರುತ್ತಿತ್ತು, ಅರ್ಧ ಗಂಟೆಗಿಂತ ಹೆಚ್ಚು ಇಡುವಂತಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ಇಬ್ಬರಲ್ಲಿ ಯಾರೂ ಜಗ್ಗದೆ, ಕಂಬಿಯ ಆ ಕಡೆ ಈ ಕಡೆ ನಿಂತೇ ಇದ್ದರು.